ಉಸಿರು ಯಂತ್ರದ್ದು, ಮಿಡಿತ ಗುಂಡಿಗೆಯದು

2021ರ ಜೂನ್ 14ರಂದು ನಟ ಸಂಚಾರಿ ವಿಜಯ್ ಬದುಕಿದ್ದಾರೋ ಇಲ್ಲವೋ ಎಂಬುದು ಕನ್ನಡಿಗರಿಗೆ ಇಡೀ ದಿನ ಬಗೆಹರಿಯಲಿಲ್ಲ. ಎರಡು ದಿನದ ಹಿಂದೆ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ಅವರ ತಲೆಗೆ ಬಲವಾದ ಪೆಟ್ಟು ಬಿದ್ದಿತ್ತು. ಮಿದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಹೇಳಿದರು. ಅಂಗಾಂಗ ದಾನಕ್ಕೆ ಮನೆಯವರು ಒಪ್ಪಿದರು. ಚಿತ್ರರಂಗದ ಗೆಳೆಯರು ಸಂತಾಪ ಬರೆದರು. ಅಷ್ಟರಲ್ಲಿ ‘ಇನ್ನೂ ಉಸಿರಾಡುತ್ತಿದ್ದಾರೆ, ಸತ್ತರೆಂದು ಹೇಳಬೇಡಿ’ ಎಂಬ ಮಾತು ಬಂತು. ಸಾವು ಅಧಿಕೃತವಾಗಿ ಘೋಷಣೆಯಾದದ್ದು ಮರುದಿನ ನಸುಕಿನಲ್ಲಿ. ಅಷ್ಟೂ ಹೊತ್ತು ಮೊಬೈಲ್‌ಗಳಲ್ಲಿ ‘ಓಂ ಶಾಂತಿ’ಯೂ ‘ಪವಾಡವಾಗಲಿ’ ಎಂಬ ಹಾರೈಕೆಯೂ ಒಟ್ಟೊಟ್ಟಿಗೇ ಓಡಾಡುತ್ತಿದ್ದವು.

ಇದನ್ನು ಮಾಧ್ಯಮಗಳ ಆತುರ ಎಂದು ತಳ್ಳಿಹಾಕಿದರೆ ನ್ಯಾಯವಾಗದು. ಆ ಗೊಂದಲ ನಮ್ಮೆಲ್ಲರದು. ಎದೆ ಏರಿಳಿಯುತ್ತಿದೆ, ಕೈ ಬೆಚ್ಚಗಿದೆ, ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿದೆ. ಇಂಥ ದೇಹವನ್ನು ಸತ್ತದ್ದೆಂದು ಒಪ್ಪಲು ಕಣ್ಣೂ ಬಿಡುವುದಿಲ್ಲ, ಕರುಳೂ ಬಿಡುವುದಿಲ್ಲ. ಕಿಡ್ನಿ, ಲಿವರ್, ಹೃದಯಕ್ಕಾಗಿ ಕಾಯುವವರ ಪಟ್ಟಿ ಏಕೆ ಕರಗುವುದಿಲ್ಲ ಎಂದು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಈ ಹಾಸಿಗೆಯ ಪಕ್ಕದಲ್ಲೇ. ನಮ್ಮ ಜನಕ್ಕೆ ದಾನಬುದ್ಧಿ ಕಡಿಮೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ.

ಹೃದಯ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ ಎಂಬುದರಿಂದ ಶುರುಮಾಡೋಣ. ಹೃದಯದ ಬಲ ಹೃತ್ಕರ್ಣದ ಗೋಡೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಕೋಶಗುಚ್ಛವಿದೆ. ವಿದ್ಯುತ್ತಿನ ಸಣ್ಣ ಸಣ್ಣ ಅಲೆಗಳನ್ನು ಅದು ತಾನಾಗಿಯೇ ಹುಟ್ಟಿಸುತ್ತಿರುತ್ತದೆ. ಮಿದುಳಿನಿಂದ ಬರುವ ನರಗಳು ಆ ಲಯವನ್ನು ಏರಿಸಬಲ್ಲವು, ಇಳಿಸಬಲ್ಲವು. ಹುಟ್ಟಿಸುವ ಕೆಲಸ ಅವುಗಳದ್ದಲ್ಲ. ದೇಹದಿಂದ ಹೊರತೆಗೆದ ಹೃದಯವೂ ಆಮ್ಲಜನಕ ಸಿಗುತ್ತಿರುವಷ್ಟು ಹೊತ್ತು ಬಡಿಯುತ್ತಲೇ ಇರುತ್ತದೆ. ಹೃದಯ ಕಸಿ ಸಾಧ್ಯವಾಗಿರುವುದೇ ಈ ಗುಣದಿಂದ. ಉಸಿರಾಟದ ಕಥೆ ಬೇರೆ. ವಪೆಗೂ ಪಕ್ಕೆಲುಬುಗಳ ಸ್ನಾಯುಗಳಿಗೂ ಸ್ವಂತ ಲಯವೆಂಬುದಿಲ್ಲ. ಪ್ರತಿಯೊಂದು ಉಸಿರಿಗೂ ಮಿದುಳ ಕಾಂಡದಿಂದ ಆಜ್ಞೆ ಬರಬೇಕು. ಕಾಂಡ ಸತ್ತರೆ ಉಸಿರು ನಿಲ್ಲುತ್ತದೆ, ಆಮ್ಲಜನಕವಿಲ್ಲದೆ ಕೆಲವೇ ನಿಮಿಷಗಳಲ್ಲಿ ಹೃದಯವೂ ನಿಲ್ಲುತ್ತದೆ. ವೆಂಟಿಲೇಟರ್ ಬರುವ ತನಕ ಎಲ್ಲರ ಸಾವೂ ಹೀಗೆ ಒಂದರ ಹಿಂದೆ ಒಂದು ಬರುತ್ತಿತ್ತು. ಯಂತ್ರ ಬಂದ ಮೇಲೆ ಈ ಸರಣಿಯ ನಡುವೆ ಒಂದು ಬಿರುಕು ಬಿಟ್ಟಿತು. ಮಿದುಳು ಸತ್ತಿದ್ದರೂ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ, ಹೃದಯ ತನ್ನ ಪಾಡಿಗೆ ತಾನು ಮಿಡಿಯುತ್ತದೆ. 1959ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ಇದನ್ನು ಕೋಮಾದಿಂದಾಚೆಗಿನ ಸ್ಥಿತಿಯೆಂದು ವಿವರಿಸಿದರು. 1968ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದು ಇದನ್ನು ಸಾವೆಂದೇ ಪರಿಗಣಿಸಲು ಮಾನದಂಡ ಕೊಟ್ಟಿತು.

ತಲೆಬುರುಡೆಯೊಳಗೆ ಆಗುವುದೇನು? ಪೆಟ್ಟು ಬಿದ್ದ ಕಾಲಿನಂತೆ ಮಿದುಳೂ ಊದುತ್ತದೆ. ಕಾಲು ಊದಿದರೆ ಚರ್ಮ ಹಿಗ್ಗುತ್ತದೆ, ಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರುತ್ತ ಏರುತ್ತ ರಕ್ತದೊತ್ತಡವನ್ನೂ ಮೀರಿದಾಗ ರಕ್ತ ಮೇಲೇರುವುದೇ ನಿಂತುಹೋಗುತ್ತದೆ. ಊದಿದ ಮಿದುಳಿಗೆ ಹೊರದಾರಿ ಇರುವುದು ಬುರುಡೆಯ ತಳದಲ್ಲಿ, ಬೆನ್ನುಹುರಿ ಇಳಿಯುವ ರಂಧ್ರವೊಂದೇ. ಅತ್ತ ನುಗ್ಗುವಾಗ ಅದು ಮಿದುಳ ಕಾಂಡವನ್ನು ಜಜ್ಜಿಹಾಕುತ್ತದೆ. ಕೋಮಾದಲ್ಲಿರುವ ರೋಗಿಯ ಕಾಂಡ ಕೆಲಸ ಮಾಡುತ್ತಿರುತ್ತದೆ. ಅಂಥವರು ಏಳಬಹುದು, ಎದ್ದವರೂ ಇದ್ದಾರೆ. ಇಲ್ಲಿ ಹಾಗಲ್ಲ. ರಕ್ತವೇ ಹೋಗದ ಮಿದುಳು ಒಳಗೊಳಗೇ ಕರಗತೊಡಗುತ್ತದೆ.

ಇದನ್ನು ಖಚಿತಪಡಿಸುವ ಪರೀಕ್ಷೆಗಳು ನೋಡಲು ತೀರ ಸರಳ. ವೈದ್ಯರು ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಪಾಪೆ ಕಿರಿದಾಗುವುದಿಲ್ಲ. ಕಣ್ಣಗುಡ್ಡೆಗೆ ಹತ್ತಿಯ ಎಳೆ ಮುಟ್ಟಿಸುತ್ತಾರೆ, ರೆಪ್ಪೆ ಮುಚ್ಚುವುದಿಲ್ಲ. ಹುಬ್ಬಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತಾರೆ, ಮುಖ ಕಿವುಚುವುದಿಲ್ಲ. ಕಿವಿಯೊಳಗೆ ಮಂಜಿನಂಥ ತಣ್ಣೀರು ಬಿಡುತ್ತಾರೆ. ಕಾಂಡ ಬದುಕಿದ್ದರೆ ಕಣ್ಣುಗಳು ಆ ಕಡೆಗೆ ಹೊರಳಬೇಕು, ಹೊರಳುವುದಿಲ್ಲ. ಗಂಟಲಿಗಿಳಿದ ನಳಿಕೆಯೊಳಗೆ ಸಣ್ಣ ಟ್ಯೂಬ್ ತೂರಿಸುತ್ತಾರೆ, ಕೆಮ್ಮು ಬರುವುದಿಲ್ಲ. ಕೊನೆಯದು ಆಪ್ನಿಯಾ ಪರೀಕ್ಷೆ. ಮೊದಲು ಶುದ್ಧ ಆಮ್ಲಜನಕ ತುಂಬಿ, ಆಮೇಲೆ ವೆಂಟಿಲೇಟರ್ ಕಳಚುತ್ತಾರೆ. ಹೊದಿಕೆ ಸರಿಸಿ ಎಲ್ಲರ ಕಣ್ಣೂ ಎದೆ ಮತ್ತು ಹೊಟ್ಟೆಯ ಮೇಲೆ ನೆಡುತ್ತದೆ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರತೊಡಗುತ್ತದೆ. ಉಸಿರಾಟದ ಕೇಂದ್ರವನ್ನು ಕೆರಳಿಸಲು ಅದಕ್ಕಿಂತ ಬಲವಾದ ಪ್ರಚೋದನೆ ಬೇರೆ ಇಲ್ಲ. ನೀರಿನಡಿ ಉಸಿರು ಬಿಗಿಹಿಡಿದವನನ್ನು ಮೇಲೆ ತಳ್ಳುವುದು ಅದೇ. ಎಂಟು ಹತ್ತು ನಿಮಿಷ ಕಾದು ರಕ್ತ ತೆಗೆದು ಅಳೆಯುತ್ತಾರೆ. ಪಾದರಸದ 60 ಮಿಲಿಮೀಟರ್ ದಾಟಿದರೂ ಎದೆ ಒಂದು ಕೂದಲೆಳೆಯಷ್ಟೂ ಅಲುಗಿಲ್ಲವೆಂದರೆ ಅಲ್ಲಿ ಉಸಿರೆಳೆಯುವವರು ಯಾರೂ ಉಳಿದಿಲ್ಲ ಎಂದರ್ಥ.

ಇಷ್ಟಾದರೂ ಒಂದು ಸಲಕ್ಕೆ ಮುಗಿಯುವುದಿಲ್ಲ. ಕನಿಷ್ಠ ಆರು ಗಂಟೆ ಬಿಟ್ಟು ಎಲ್ಲವನ್ನೂ ಮತ್ತೊಮ್ಮೆ ಮಾಡಬೇಕು. ನಾಲ್ವರು ವೈದ್ಯರು ಸಹಿ ಹಾಕಬೇಕು, ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರಕೂಡದು. ಪರೀಕ್ಷೆಗೆ ಮೊದಲೇ ಕೆಲವು ಸಂಶಯಗಳನ್ನು ತೊಡೆದುಹಾಕಬೇಕು: ದೇಹ ತಣ್ಣಗಾಗಿಲ್ಲ ತಾನೆ? ನಿದ್ದೆಯ ಔಷಧ ರಕ್ತದಲ್ಲಿ ಉಳಿದಿಲ್ಲ ತಾನೆ? ನಮ್ಮ ದೇಶದ ವೈದ್ಯರು ಇನ್ನೊಂದು ಪ್ರಶ್ನೆಯನ್ನೂ ಮರೆಯುವಂತಿಲ್ಲ: ಹಾವು ಕಚ್ಚಿಲ್ಲ ತಾನೆ? ನಾಗರಹಾವು, ಅದಕ್ಕಿಂತ ಹೆಚ್ಚಾಗಿ ಕಟ್ಟುಹಾವು ಕಚ್ಚಿದಾಗ ವಿಷ ನರ ಮತ್ತು ಸ್ನಾಯುಗಳ ಸಂಪರ್ಕವನ್ನೇ ಕತ್ತರಿಸುತ್ತದೆ. ಪಾಪೆ ಹಿಗ್ಗಿ ನಿಲ್ಲುತ್ತದೆ, ಉಸಿರು ನಿಲ್ಲುತ್ತದೆ, ಕೆಮ್ಮಿಲ್ಲ, ಕದಲಿಕೆಯಿಲ್ಲ. ತೋರಿಕೆಗೆ ಮಿದುಳು ಸತ್ತಂತೆಯೇ. ಒಳಗೆ ಮಾತ್ರ ರೋಗಿಗೆ ಎಲ್ಲವೂ ಕೇಳಿಸುತ್ತಿರಬಹುದು. ಕೆಲವು ದಿನ ವೆಂಟಿಲೇಟರ್ ಮೇಲಿಟ್ಟರೆ ಎದ್ದು ಮನೆಗೆ ಹೋಗುತ್ತಾನೆ. ‘ಸತ್ತನೆಂದು ಹೇಳಿದವನು ಎದ್ದು ಕೂತ’ ಎಂಬ ಸುದ್ದಿಗಳ ಹಿಂದೆ ಇಂಥ ಕಾರಣಗಳು ಇರುವುದುಂಟು. ಕಾನೂನು ಇಷ್ಟೊಂದು ಕಟ್ಟುಪಾಡು ಹಾಕಿರುವುದು ಇದಕ್ಕೇ.

ಎರಡನೇ ಪರೀಕ್ಷೆಯ ನಂತರ ತುರ್ತು ನಿಗಾ ಘಟಕದ ಕೆಲಸ ಕಡಿಮೆಯಾಗುತ್ತದೆ ಎಂದುಕೊಂಡರೆ ತಪ್ಪು, ಅದು ದುಪ್ಪಟ್ಟಾಗುತ್ತದೆ. ಸಾಯುವ ಗಳಿಗೆಯಲ್ಲಿ ಮಿದುಳ ಕಾಂಡ ಅಡ್ರಿನಲಿನ್‌ನ ಮಹಾಪೂರವನ್ನೇ ಹರಿಸಿರುತ್ತದೆ. ರಕ್ತದೊತ್ತಡ ಒಮ್ಮೆ ಆಕಾಶಕ್ಕೇರಿ ಆಮೇಲೆ ಪಾತಾಳಕ್ಕೆ ಬೀಳುತ್ತದೆ. ಮೂತ್ರವನ್ನು ಹಿಡಿದಿಡುವ ಹಾರ್ಮೋನು ಮಿದುಳಿನಿಂದ ಬರುವುದು ನಿಂತು, ಕೆಥೆಟರ್ ಚೀಲ ಮತ್ತೆ ಮತ್ತೆ ತುಂಬುತ್ತದೆ; ಹೋದಷ್ಟು ನೀರನ್ನು ಅಷ್ಟೇ ವೇಗದಲ್ಲಿ ಒಳಗೆ ಕೊಡಬೇಕು. ಮೈಬಿಸಿ ಕಾಯುವವರೂ ಇಲ್ಲ, ಬೆಚ್ಚನೆಯ ಹೊದಿಕೆ ಬೇಕು. ಬೆನ್ನುಹುರಿ ಮಾತ್ರ ಇನ್ನೂ ಜೀವಂತವಿರುವುದರಿಂದ ಒಮ್ಮೊಮ್ಮೆ ಕಾಲ್ಬೆರಳು ಅದುರುತ್ತದೆ, ಅಪರೂಪಕ್ಕೆ ಕೈಯೇ ಎದೆಯ ಮೇಲಕ್ಕೆ ಬರುತ್ತದೆ. ಆ ಹೊತ್ತಿಗೆ ತಾಯಿಯೋ ಹೆಂಡತಿಯೋ ಪಕ್ಕದಲ್ಲಿದ್ದರೆ ಯಾವ ವಿವರಣೆಯೂ ತಲೆಗೆ ಹೋಗದು.

ಇನ್ನು ಕಾನೂನು. ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ. ಮಿದುಳ ಕಾಂಡದ ಸಾವನ್ನು ಸಾವೆಂದು ಒಪ್ಪಿದ್ದು ಅದೇ. ಅದೇ ವರ್ಷ ಆಗಸ್ಟ್ 3ರಂದು ದಿಲ್ಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಆದರೆ ಜನನ ಮರಣ ನೋಂದಣಿಯ 1969ರ ಕಾಯ್ದೆಯ ಪ್ರಕಾರ ಸಾವೆಂದರೆ ಜೀವದ ಎಲ್ಲ ಕುರುಹುಗಳೂ ಶಾಶ್ವತವಾಗಿ ಇಲ್ಲವಾಗುವುದು. ಇದರ ಪರಿಣಾಮ ವಿಚಿತ್ರವಾಗಿದೆ. ದಾನಕ್ಕೆ ಒಪ್ಪಿದರೆ ಆತ ಸತ್ತಿದ್ದಾನೆ. ಒಪ್ಪದಿದ್ದರೆ ಅದೇ ದೇಹಕ್ಕೆ ವೆಂಟಿಲೇಟರ್ ಮುಂದುವರಿಯುತ್ತದೆ, ಬಿಲ್ಲೂ ಬೆಳೆಯುತ್ತದೆ. ಬಹಳಷ್ಟು ಆಸ್ಪತ್ರೆಗಳಲ್ಲಿ ಪರೀಕ್ಷೆಯ ಮಾತು ಹೊರಡುವುದೇ ದಾನದ ಸಾಧ್ಯತೆ ಕಂಡಾಗ. ಅಂಗ ಬೇಕಾದಾಗ ಮಾತ್ರ ಸಾವನ್ನು ಹೇಳುತ್ತಾರೆ ಎಂಬ ಗುಮಾನಿ ಜನರಲ್ಲಿ ಹುಟ್ಟಿದ್ದರೆ ಅದಕ್ಕೆ ಮೌಢ್ಯವೆನ್ನಲು ನನಗೆ ಮನಸ್ಸಿಲ್ಲ. ದಾನ ಇರಲಿ ಬಿಡಲಿ, ಮಿದುಳು ಸತ್ತ ಪ್ರತಿಯೊಬ್ಬರನ್ನೂ ಹಾಗೆಂದು ಪರೀಕ್ಷಿಸಿ ಹೇಳುವ ವಾಡಿಕೆ ಬಂದರೆ ಆ ಗುಮಾನಿ ಅರ್ಧ ಇಳಿಯುತ್ತದೆ. ದಾನದ ಮಾತಿಲ್ಲದಿದ್ದರೂ ಮಿದುಳಿನ ಸಾವನ್ನು ಪ್ರಮಾಣೀಕರಿಸಿ ಯಂತ್ರ ತೆಗೆಯುವುದು ಹೇಗೆಂದು ಕೇರಳ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಅನುಭವಸ್ಥ ಕಸಿ ಸಂಯೋಜಕರು ಮನೆಯವರ ಜತೆ ಮಾತಾಡುವಾಗ ಒಂದು ನಿಯಮ ಪಾಲಿಸುತ್ತಾರೆ. ಸಾವಿನ ಸುದ್ದಿಯನ್ನೂ ದಾನದ ಕೋರಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ಮೊದಲು ಚಿಕಿತ್ಸೆ ಕೊಟ್ಟ ವೈದ್ಯರೇ ಸಾವನ್ನು ಹೇಳಬೇಕು. ಅಳುವುದಕ್ಕೆ, ಊರಿಗೆ ಫೋನು ಮಾಡುವುದಕ್ಕೆ ಹೊತ್ತು ಕೊಡಬೇಕು. ಕೇಳುವುದು ಆಮೇಲೆ, ಅದೂ ಬೇರೆಯವರು. ಕಾನೂನಿನ ಕಣ್ಣಲ್ಲಿ ಹತ್ತಿರದ ಸಂಬಂಧಿ ಹೆಂಡತಿಯೋ ತಂದೆಯೋ ಆಗಿರಬಹುದು. ಆದರೆ ನಮ್ಮ ಮನೆಗಳಲ್ಲಿ ತೀರ್ಮಾನ ಅಲ್ಲಿ ಆಗುವುದಿಲ್ಲ. ‘ದೊಡ್ಡಪ್ಪ ಊರಿಂದ ಹೊರಟಿದಾರೆ, ಅವರು ಬರಲಿ ಸರ್’ ಎನ್ನುತ್ತಾರೆ. ದೊಡ್ಡಪ್ಪ ಬಸ್ಸಿಳಿದು ಬರುವಾಗ ರಾತ್ರಿಯಾಗಿರುತ್ತದೆ. ಅವರ ಪ್ರಶ್ನೆಗಳು ತೀರ ನೇರ: ಮುಖ ಕೆಡುತ್ತದಾ? ಮಣ್ಣಿಗೆ ಎಷ್ಟೊತ್ತಿಗೆ ಕೊಡುತ್ತೀರಿ? ದುಡ್ಡು ಕಟ್ಟಬೇಕಾ? ಮುಖ ಕೆಡುವುದಿಲ್ಲ, ಹೊಲಿಗೆ ಬಟ್ಟೆಯೊಳಗೆ ಮುಚ್ಚಿರುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ದೇಹವನ್ನು ಕಾಪಾಡುವ, ಅಂಗ ತೆಗೆಯುವ ಖರ್ಚನ್ನು ದಾನಿಯ ಮನೆಯವರ ಮೇಲೆ ಹಾಕಕೂಡದೆಂದು ನಿಯಮವೇ ಇದೆ. ಮಣ್ಣಿನ ಹೊತ್ತಿನ ಬಗ್ಗೆ ಮಾತ್ರ ಯಾರೂ ಖಡಾಖಂಡಿತ ಹೇಳಲಾರರು. ಅಪಘಾತವೆಂದ ಮೇಲೆ ಪೊಲೀಸ್ ಕೇಸು. ಠಾಣೆಯ ಒಪ್ಪಿಗೆ ಬೇಕು, ಮರಣೋತ್ತರ ಪರೀಕ್ಷೆ ಆಗಬೇಕು.

ಇತ್ತ ಗಡಿಯಾರ ಓಡುತ್ತಿರುತ್ತದೆ. ರಕ್ತ ಸಂಚಾರ ನಿಂತ ಮೇಲೆ ಹೃದಯವನ್ನು ನಾಲ್ಕರಿಂದ ಆರು ಗಂಟೆಯೊಳಗೆ ಮತ್ತೊಂದು ಎದೆಯಲ್ಲಿ ಜೋಡಿಸಬೇಕು. ಶ್ವಾಸಕೋಶಕ್ಕೂ ಹೆಚ್ಚುಕಡಿಮೆ ಅಷ್ಟೇ ಅವಧಿ. ಲಿವರ್ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹತ್ತು ಹನ್ನೆರಡು ಗಂಟೆ ತಾಳುತ್ತದೆ, ಕಿಡ್ನಿ ಒಂದು ದಿನ. ಪೊಲೀಸರು ಸಿಗ್ನಲ್‌ಗಳನ್ನೆಲ್ಲ ಹಸಿರಾಗಿಸಿ ಆಂಬುಲೆನ್ಸ್ ಓಡಿಸುವುದು ಇದಕ್ಕಾಗಿ. 2025ರ ಆಗಸ್ಟ್ 1ರ ರಾತ್ರಿ ಬೆಂಗಳೂರಿನಲ್ಲಿ ಲಿವರೊಂದು ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ಪ್ರಯಾಣ ಮಾಡಿತು. ವೈಟ್‌ಫೀಲ್ಡ್ ರಸ್ತೆಯನ್ನು ಬಲ್ಲವರಿಗೆ ಆ ತೀರ್ಮಾನದ ಹಿಂದಿನ ಜಾಣತನವನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಲೆಕ್ಕ ನೋಡೋಣ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. 2023ರಲ್ಲಿ ಸಾವಿನ ನಂತರ ಅಂಗಾಂಗ ಕೊಟ್ಟವರು ಇಡೀ ದೇಶದಲ್ಲಿ 1,099. ಹತ್ತು ಲಕ್ಷ ಜನಕ್ಕೆ ಒಬ್ಬರೂ ಆಗಲಿಲ್ಲ. ಕರ್ನಾಟಕದ ಪಾಲು 178, ಮುಂದಿನ ಸಾಲಿನ ರಾಜ್ಯಗಳಲ್ಲಿ ನಮ್ಮದೂ ಒಂದು. ರಸ್ತೆಯಲ್ಲಿ ಸತ್ತವರೆಲ್ಲ ದಾನಿಗಳಾಗಲು ಸಾಧ್ಯವಿಲ್ಲ, ನಿಜ. ಹಲವರು ಸ್ಥಳದಲ್ಲೇ ಸಾಯುತ್ತಾರೆ, ಇನ್ನು ಕೆಲವರ ಅಂಗಗಳೇ ಘಾಸಿಗೊಂಡಿರುತ್ತವೆ. ಹಾಗಿದ್ದರೂ ಆ ಎರಡು ಅಂಕಿಗಳ ನಡುವಿನ ಕಂದಕ ಬಹಳ ದೊಡ್ಡದು.

ಅಂಗಾಂಗ ದಾನದ ಪ್ರತಿಜ್ಞಾ ಕಾರ್ಡು ಹಂಚುವುದರಿಂದ ಈ ಕಂದಕ ತುಂಬುತ್ತದೆಂದು ನಾವು ನಂಬಿದ್ದೇವೆ. ಕಣ್ಣಿನ ವಿಷಯದಲ್ಲಿ ಆ ನಂಬಿಕೆಗೆ ಆಧಾರವಿದೆ. 2006ರಲ್ಲಿ ನಟ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು, 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಅವರ ಕಣ್ಣುಗಳು ದಾನವಾದವು. ನಾರಾಯಣ ನೇತ್ರಾಲಯದ ವೈದ್ಯರು ಪುನೀತ್ ಅವರ ಎರಡೂ ಕಾರ್ನಿಯಾಗಳನ್ನು ಮುಂಪದರ, ಹಿಂಪದರವೆಂದು ಸೀಳಿ ನಾಲ್ವರಿಗೆ ಕೂರಿಸಿದರು. ಮುಂಪದರ ಹಾಳಾದವರಿಗೆ ಮುಂಪದರ, ಹಿಂಪದರ ಹಾಳಾದವರಿಗೆ ಹಿಂಪದರ. ಆ ನಂತರದ ದಿನಗಳಲ್ಲಿ ಕಣ್ಣು ಬರೆದುಕೊಡಲು ಜನ ಸಾಲುಗಟ್ಟಿದರು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಹೀಗಾಗಿ ಒಗ್ಗದಿರುವ ಸಮಸ್ಯೆಯೂ ಕಡಿಮೆ. ಹೃದಯ ನಿಂತು ಆರು ಗಂಟೆಯವರೆಗೂ ತೆಗೆಯಬಹುದು, ಮನೆಯ ಹಜಾರದಲ್ಲೇ ತೆಗೆಯಬಹುದು. ಕಿಡ್ನಿ, ಲಿವರ್‌ಗಳಿಗೆ ಈ ಅನುಕೂಲವಿಲ್ಲ. ಕಾರ್ಡಿಗೆ ಸಹಿ ಹಾಕಿದವನು ಎಂಬತ್ತರ ವಯಸ್ಸಿನಲ್ಲಿ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರೆ ಆ ಕಾರ್ಡಿನಲ್ಲಿರುವ ಕಿಡ್ನಿಯ ಮಾತು ಅಲ್ಲಿಗೆ ಮುಗಿಯಿತು. ಅವು ಬೇಕೆಂದರೆ ಸಾವು ವೆಂಟಿಲೇಟರ್ ಇರುವ ಕೋಣೆಯಲ್ಲಿ, ಮಿದುಳಿನಿಂದ ಶುರುವಾಗಿ ಬರಬೇಕು. ಸಾವಿರ ಸಾವುಗಳಲ್ಲಿ ಅಂಥವು ಕೆಲವೇ. ಆ ಕೆಲವನ್ನೂ ಗುರುತಿಸದೆ ಬಿಟ್ಟರೆ ಲಕ್ಷ ಕಾರ್ಡುಗಳಿದ್ದೂ ಪ್ರಯೋಜನವಿಲ್ಲ.

ಕಾಯುವವರ ಕಡೆಗೆ ಹೊರಳೋಣ. ಹೃದಯಕ್ಕೂ ಲಿವರ್‌ಗೂ ಕಾಯುವವರಿಗೆ ಬಹಳ ಕಾಲ ಕಾಯುವ ಭಾಗ್ಯವೇ ಇರುವುದಿಲ್ಲ. ಕಿಡ್ನಿಗೆ ಕಾಯುವವರಿಗೆ ಯಂತ್ರದ ಆಸರೆ ಇದೆ, ಅವರ ಕಾಯುವಿಕೆ ವರ್ಷಗಟ್ಟಲೆ. ಆರೋಗ್ಯವಂತ ಕಿಡ್ನಿಗಳೆರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಟ್ಟು ಉಳಿದುದನ್ನು ಮರಳಿ ಹೀರಿಕೊಳ್ಳುತ್ತವೆ. ಹಗಲೂ ರಾತ್ರಿ ಈ ಕೆಲಸ. ಡಯಾಲಿಸಿಸ್ ಅದನ್ನು ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆಯಲ್ಲಿ ಮಾಡಲು ಹೆಣಗುತ್ತದೆ. ದೂರದ ಹಳ್ಳಿಯಿಂದ ಬರುವ ಎಷ್ಟೋ ಮಂದಿಗೆ ಮೂರಲ್ಲ, ಎರಡೇ ಸಲ. ಡಯಾಲಿಸಿಸ್‌ಗಾಗಿ ಮುಂಗೈಯಲ್ಲಿ ಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಮಾಡಿದ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಗುಂಯ್ ಎಂಬ ಕಂಪನ ತಿಳಿಯುತ್ತದೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಿ.ಪಿ. ನೋಡಿಸುವಂತಿಲ್ಲ. ಪ್ರತಿ ಸಲವೂ ಮೊದಲು ತೂಕದ ಯಂತ್ರ ಹತ್ತಬೇಕು. ಹಿಂದಿನ ಸಲದಿಂದ ಎಷ್ಟು ಕೆ.ಜಿ. ಏರಿದೆಯೋ ಅಷ್ಟೂ ನೀರು.

ಇವರ ಮನೆಯ ಅಡುಗೆಯೇ ಬೇರೆಯಾಗುತ್ತದೆ. ತರಕಾರಿಯನ್ನು ಹೆಚ್ಚಿ, ಬೇಯಿಸಿ, ಆ ನೀರು ಬಸಿದು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಬೇಕು. ಬಸ್ಸಾರು ಮಾಡುವ ಮನೆಯಲ್ಲಿ ಕಟ್ಟನ್ನು ಚೆಲ್ಲುವುದೆಂದರೆ ರುಚಿಯನ್ನೇ ಚೆಲ್ಲಿದಂತೆ. ಆದರೆ ಪೊಟ್ಯಾಸಿಯಂ ಇರುವುದೇ ಅದರಲ್ಲಿ. ಬಾಳೆಹಣ್ಣು ಬೇಡ. ಎಳನೀರಂತೂ ಬೇಡವೇ ಬೇಡ. ಕಾಯಿಲೆಯವರನ್ನು ನೋಡಲು ಬರುವ ನೆಂಟರು ತರುವುದು ಅವೆರಡನ್ನೇ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ಲಯ ತಪ್ಪಿ ನಿಂತುಬಿಡಬಹುದು. ಕುಡಿಯುವ ನೀರಿಗೂ ಅಳತೆ. ಬೇಸಿಗೆಯಲ್ಲಿ ಮಂಜಿನ ತುಣುಕು ಬಾಯಲ್ಲಿಟ್ಟುಕೊಂಡು ದಾಹ ತೀರಿಸಿಕೊಳ್ಳುತ್ತಾರೆ. ಮೊಬೈಲನ್ನು ಸ್ವಿಚ್ ಆಫ್ ಮಾಡುವಂತಿಲ್ಲ, ಊರು ಬಿಟ್ಟು ದೂರ ಹೋಗುವಂತಿಲ್ಲ. ಕರೆ ಬಂತೆಂದು ಓಡಿದರೂ ಅಂಗ ತನಗೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ದಾನಿಯೊಡನೆ ಹೊಂದಿಕೆ ನೋಡುವ ಕೊನೆಯ ಹಂತದ ಕ್ರಾಸ್‌ಮ್ಯಾಚ್ ಹೊಂದದೆ ವಾಪಸು ಬಂದವರು ಇದ್ದಾರೆ.

ಈ ಪಟ್ಟಿ ನ್ಯಾಯಬೆಲೆ ಅಂಗಡಿಯ ಸರತಿಯಂತಲ್ಲ, ಮೊದಲು ನಿಂತವನಿಗೆ ಮೊದಲು ಎನ್ನಲು ಬರುವುದಿಲ್ಲ. ಲಿವರ್‌ಗೆ ಯಾರು ಹೆಚ್ಚು ಅಪಾಯದಲ್ಲಿದ್ದಾರೆ ಎಂಬುದು ಮುಖ್ಯ. ಕಿಡ್ನಿಗೆ ಡಯಾಲಿಸಿಸ್ ಮೇಲೆ ಕಳೆದ ಕಾಲಕ್ಕೂ ಅಂಕವಿದೆ. ಮೊದಲ ಜರಡಿ ರಕ್ತದ ಗುಂಪು. ‘ಒ’ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಲ್ಲರು, ಪಡೆಯುವಾಗ ‘ಒ’ದಿಂದಲೇ ಪಡೆಯಬೇಕು. ಆಮೇಲೆ ಎಚ್‌ಎಲ್‌ಎ. ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶವೂ ಮೈಮೇಲೆ ಹೊತ್ತಿರುವ ಈ ಪ್ರೋಟೀನುಗಳನ್ನು ನೋಡಿಯೇ ರೋಗನಿರೋಧಕ ವ್ಯವಸ್ಥೆ ತನ್ನವರು ಪರರು ಎಂದು ಗುರುತಿಸುವುದು. ಇವುಗಳ ನಕ್ಷೆ 6ನೇ ವರ್ಣತಂತುವಿನಲ್ಲಿದೆ, ಅರ್ಧ ಅಪ್ಪನಿಂದ ಅರ್ಧ ಅಮ್ಮನಿಂದ.

ಇಲ್ಲಿ ನಿಸರ್ಗ ಹೆಂಗಸರಿಗೆ ಮಾಡಿರುವ ಒಂದು ಅನ್ಯಾಯ ಕಾಣುತ್ತದೆ. ಗರ್ಭದಲ್ಲಿರುವ ಮಗುವಿನ ಎಚ್‌ಎಲ್‌ಎ ಅರ್ಧ ಗಂಡನದು. ಬಸಿರು ಮತ್ತು ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತಕ್ಕೆ ಅದರ ಪರಿಚಯವಾಗಿ, ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ವರ್ಷಗಳಾದ ಮೇಲೆ ಆಕೆಯ ಕಿಡ್ನಿ ಕೈಕೊಟ್ಟು, ಗಂಡ ತನ್ನದನ್ನು ಕೊಡುತ್ತೇನೆಂದು ಮುಂದೆ ಬಂದರೆ ಆ ಹಳೆಯ ಪ್ರತಿಕಾಯಗಳು ಅಡ್ಡ ನಿಲ್ಲುತ್ತವೆ. ಗಂಡನಿಗೆ ಹೆಂಡತಿ ಕೊಡುವಾಗ ಈ ತೊಡಕಿಲ್ಲ. ಸಮಾಜ ಮಾಡಿರುವ ಅನ್ಯಾಯ ಇದಕ್ಕಿಂತ ದೊಡ್ಡದು. ನಮ್ಮ ದೇಶದ ಕಸಿಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ನಡೆಯುವುದು ಬದುಕಿರುವವರ ಅಂಗದಿಂದ. ಹಾಗೆ ಕೊಡುವವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಹೆಂಗಸರು, ಪಡೆಯುವವರಲ್ಲಿ ಬಹುಪಾಲು ಗಂಡಸರು. ‘ಅವರು ದುಡಿಯೋರು, ನಾನಾದರೆ ಮನೇಲಿರ್ತೀನಿ’ ಎಂಬ ಮಾತು ಕಿಡ್ನಿ ವಿಭಾಗದ ಹೊರಗಿನ ಬೆಂಚುಗಳಿಗೆ ಹೊಸದಲ್ಲ. ಪಟ್ಟಿಯಲ್ಲಿರುವ ಹೆಂಗಸರಿಗೆ ಆದ್ಯತೆ ಕೊಡಿ ಎಂದು ರಾಷ್ಟ್ರೀಯ ಕಸಿ ಸಂಸ್ಥೆ ನೋಟೊ 2025ರಲ್ಲಿ ರಾಜ್ಯಗಳಿಗೆ ಸಲಹೆ ಕಳಿಸಿತು. ಸತ್ತವರ ದಾನ ಹೆಚ್ಚಿದರೆ ಮನೆಯೊಳಗಿನ ಈ ಒತ್ತಡ ತಾನಾಗಿ ಇಳಿಯುತ್ತದೆ ಎಂಬುದೂ ನಿಜ.

ಗಂಡ ಹೆಂಡತಿಗೆ ರಕ್ತ ಹೊಂದದಿದ್ದರೆ, ಅದೇ ಕಷ್ಟದಲ್ಲಿರುವ ಇನ್ನೊಂದು ಜೋಡಿಯೊಡನೆ ಅದಲು ಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿತು. ಒಂದು ಕಡೆಯವರು ಪಡೆದುಕೊಂಡು ಆಮೇಲೆ ಹಿಂಜರಿಯಬಾರದಲ್ಲ, ಅದಕ್ಕೇ ಎಲ್ಲ ಶಸ್ತ್ರಚಿಕಿತ್ಸೆಗಳೂ ಏಕಕಾಲಕ್ಕೆ ನಡೆಯುತ್ತವೆ. ದುಡ್ಡಿಗೆ ಕೊಡುವುದು ಅಪರಾಧ. ಆ ಅಪರಾಧದ ನೆನಪು ಕರ್ನಾಟಕಕ್ಕೂ ಇದೆ. 1994ರ ಕಾಯ್ದೆಗೆ ಮುಂಚಿನ ವರ್ಷಗಳಲ್ಲಿ ಕಿಡ್ನಿ ವ್ಯಾಪಾರಕ್ಕೆ ಹೆಸರಾದ ಊರುಗಳಲ್ಲಿ ಬೆಂಗಳೂರೂ ಒಂದಾಗಿತ್ತು. ಮಾರಿದವರ ಸಾಲ ಕೆಲಕಾಲಕ್ಕೆ ತೀರುತ್ತಿತ್ತು, ಪಕ್ಕೆಯ ಗಾಯದ ಗುರುತು ಉಳಿಯುತ್ತಿತ್ತು. ಕೊರತೆ ಇರುವ ತನಕ ದಲ್ಲಾಳಿ ಇದ್ದೇ ಇರುತ್ತಾನೆ.

ಕಸಿಯ ವಿಜ್ಞಾನ ಹೆಚ್ಚುಕಡಿಮೆ ಗೆದ್ದಿದೆ, ಅದನ್ನು ಇಲ್ಲಿ ಚುಟುಕಾಗಿ ಹೇಳಿ ಮುಗಿಸುತ್ತೇನೆ. 1954ರಲ್ಲಿ ಬಾಸ್ಟನ್‌ನ ಜೋಸೆಫ್ ಮರ್ರೆ ಅವಳಿ ಸೋದರರ ನಡುವೆ ಕಿಡ್ನಿ ಕಸಿ ಮಾಡಿ ಗೆದ್ದರು. ತದ್ರೂಪಿಗಳಾದ್ದರಿಂದ ದೇಹ ತಿರಸ್ಕರಿಸಲಿಲ್ಲ. ಉಳಿದವರಿಗೆ ದಾರಿ ತೆರೆದದ್ದು ನಾರ್ವೆಯ ಪ್ರಸ್ಥಭೂಮಿಯೊಂದರ ಮಣ್ಣಿನ ಶಿಲೀಂಧ್ರದಿಂದ ಸಿಕ್ಕ ಸೈಕ್ಲೊಸ್ಪೋರಿನ್. 1980ರ ದಶಕದಲ್ಲಿ ಅದು ಬಳಕೆಗೆ ಬಂದ ಮೇಲೆ ಹೃದಯ, ಲಿವರ್ ಕಸಿಗಳು ಪವಾಡದ ಪಟ್ಟಿಯಿಂದ ಇಳಿದು ಚಿಕಿತ್ಸೆಯ ಪಟ್ಟಿಗೆ ಬಂದವು. ಭಾರತದಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ 1971ರಷ್ಟು ಹಿಂದೆಯೇ ಕಿಡ್ನಿ ಕಸಿ ಯಶಸ್ವಿಯಾಗಿತ್ತು. ಇವತ್ತು ಶಸ್ತ್ರವೈದ್ಯರ ಕೈಚಳಕವೂ ಸಿದ್ಧ, ಔಷಧವೂ ಸಿದ್ಧ. ಕಿಬ್ಬೊಟ್ಟೆಯಲ್ಲಿ ಹೊಸ ಕಿಡ್ನಿ ಕೂರಿಸಿ, ರಕ್ತನಾಳದ ಬಿಗಿಯನ್ನು ಸಡಿಲಿಸಿದಾಗ ಬೂದುಬಣ್ಣದ ಗಡ್ಡೆ ಕ್ಷಣದಲ್ಲಿ ಗುಲಾಬಿಯಾಗುತ್ತದೆ, ಎಷ್ಟೋ ಸಲ ಮೇಜಿನ ಮೇಲೆಯೇ ಮೂತ್ರ ಜಿನುಗುತ್ತದೆ. ಅರವತ್ತರ ಹಿರಿಯ ಸರ್ಜನ್ನರೂ ಅದನ್ನು ನೋಡಿ ಮುಗುಳ್ನಗುತ್ತಾರಂತೆ.

ಉಳಿದ ಕೊರತೆ ಸಂಘಟನೆಯದು. ಅದಕ್ಕೆ ಸಾಕ್ಷಿ ಸ್ಪೇನ್. ‘ಬೇಡ’ ಎಂದು ಬರೆದಿಡದವರೆಲ್ಲ ದಾನಿಗಳೇ ಎಂಬ ಕಾನೂನು ಅಲ್ಲಿ 1979ರಲ್ಲೇ ಬಂದಿತ್ತು. ಅಂಥದೇ ಕಾನೂನು ನಮಗೂ ಬೇಕೆಂದು ಪತ್ರಿಕೆಗಳಿಗೆ ಬರೆಯುವವರು ಮುಂದಿನದನ್ನು ಓದಿರುವುದಿಲ್ಲ. ಹತ್ತು ವರ್ಷ ಕಳೆದರೂ ಸ್ಪೇನಿನಲ್ಲಿ ದಾನಿಗಳ ಪ್ರಮಾಣ ಹತ್ತು ಲಕ್ಷಕ್ಕೆ 14ರಲ್ಲೇ ನಿಂತಿತ್ತು. 1989ರಲ್ಲಿ ರಫಾಯೆಲ್ ಮಾತೆಸಾನ್ಸ್ ಎಂಬ ಕಿಡ್ನಿ ತಜ್ಞರ ಕೈಗೆ ರಾಷ್ಟ್ರೀಯ ಕಸಿ ಸಂಸ್ಥೆ ಬಂತು. ಅವರು ಆಸ್ಪತ್ರೆ ಆಸ್ಪತ್ರೆಯಲ್ಲೂ ಸಂಯೋಜಕರನ್ನು ನೇಮಿಸಿದರು. ಅವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರಲ್ಲ, ಅದೇ ತುರ್ತು ನಿಗಾ ಘಟಕದ ವೈದ್ಯರು. ಯಾವ ಹಾಸಿಗೆಯ ರೋಗಿಯ ಮಿದುಳು ಸಾಯುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಕಾನೂನು ಏನೇ ಇರಲಿ, ಮನೆಯವರನ್ನು ಕೇಳದೆ ಯಾರೂ ಮುಟ್ಟುತ್ತಿರಲಿಲ್ಲ, ಈಗಲೂ ಮುಟ್ಟುವುದಿಲ್ಲ. ಅಲ್ಲಿನ ಪ್ರಮಾಣ ಈಗ ಹತ್ತು ಲಕ್ಷಕ್ಕೆ ಸುಮಾರು 50. ನಮ್ಮಲ್ಲಿ ಇದಕ್ಕೆ ಹತ್ತಿರದ ಅನುಭವವಿರುವುದು ತಮಿಳುನಾಡಿಗೆ. 2008ರಲ್ಲಿ ವೈದ್ಯ ದಂಪತಿಯೊಂದು ಅಪಘಾತದಲ್ಲಿ ಮಿದುಳು ಸತ್ತ ಹದಿಹರೆಯದ ಮಗನ ಅಂಗಾಂಗಗಳನ್ನು ಕೊಟ್ಟಾಗ ಜನರ ಮನಸ್ಸು ಕಲಕಿತು. ಆ ಕಲಕಿದ ಮನಸ್ಸನ್ನು ಅಲ್ಲಿನ ಸರ್ಕಾರ ಸುಮ್ಮನೆ ಆರಲು ಬಿಡದೆ ಆದೇಶಗಳಾಗಿ, ಹಂಚಿಕೆಯ ವ್ಯವಸ್ಥೆಯಾಗಿ ಮಾರ್ಪಡಿಸಿತು. ಕರ್ನಾಟಕದಲ್ಲಿ 2007ರಿಂದ ಇರುವ ಕಸಿ ಸಮನ್ವಯ ಸಮಿತಿಯೇ ಇಂದಿನ ‘ಜೀವಸಾರ್ಥಕತೆ’.

ಕೊರತೆ ನೀಗುವ ದಾರಿ ಹುಡುಕುವಾಗ ಹಂದಿಯ ಮಾತೂ ಬರಬೇಕು. ವಂಶವಾಹಿ ತಿದ್ದಿದ ಹಂದಿಯ ಹೃದಯವನ್ನು 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರೋಗಿಯೊಬ್ಬರಿಗೆ ಕೂರಿಸಿದರು, ಆ ರೋಗಿ ಎರಡು ತಿಂಗಳು 
ಬದುಕಿದರು. 2024ರಲ್ಲಿ ಬಾಸ್ಟನ್‌ನಲ್ಲಿ ಹಂದಿಯ ಕಿಡ್ನಿಯ ಸರದಿ. ಅಸ್ಸಾಮಿನ ವೈದ್ಯ ಧನಿರಾಮ್ ಬರುವಾ ಹಂದಿಯ ಹೃದಯದ ಕಸಿಯನ್ನು 1997ರಲ್ಲೇ ಮಾಡಹೋಗಿ, ರೋಗಿ ತೀರಿಕೊಂಡು, ಜೈಲು ಸೇರಿದ್ದರು. ವಂಶವಾಹಿ ತಿದ್ದುವ ಉಪಾಯವಿಲ್ಲದ ಕಾಲದಲ್ಲಿ ಆ ಸಾಹಸಕ್ಕೆ ವಿಜ್ಞಾನದ ಬೆಂಬಲವಿರಲಿಲ್ಲ. ಈಗ ಇದೆ. ಆದರೂ ಹಂದಿಯ ಕಿಡ್ನಿ ಕಲಬುರಗಿಯ ರೋಗಿಗೆ ಕೈಗೆಟುಕುವ ದರದಲ್ಲಿ ಬರುವ ದಿನ ಹತ್ತಿರದಲ್ಲಿದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಕಲಬುರಗಿ ಎಂದಾಗ ಜಿಲ್ಲೆಗಳ ಮಾತಿಗೆ ಬಂದೆವು. ಕೋವಿಡ್ ಹೊತ್ತಿನಲ್ಲಿ ಜಿಲ್ಲಾ ಆಸ್ಪತ್ರೆಗಳಿಗೂ ವೆಂಟಿಲೇಟರ್‌ಗಳು ಬಂದವು. ಮಿದುಳಿನ ಸಾವನ್ನು ಪ್ರಮಾಣೀಕರಿಸಲು ನರರೋಗ ತಜ್ಞರೇ ಬೇಕೆಂದೇನಿಲ್ಲ, ಅವರಿಲ್ಲದ ಕಡೆ ಅಧಿಕೃತ ಫಿಸಿಶಿಯನ್, ಸರ್ಜನ್, ಅರಿವಳಿಕೆ ತಜ್ಞರು ಮಾಡಬಹುದೆಂದು 2011ರ ತಿದ್ದುಪಡಿ ಹೇಳಿದೆ. ಕಸಿ ಮಾಡದ ಆಸ್ಪತ್ರೆಯೂ ಅಂಗ ತೆಗೆಯಲು ಮಾತ್ರ ನೋಂದಾಯಿಸಿಕೊಳ್ಳಬಹುದು. ಸರ್ಜನ್ನರ ತಂಡವೇ ಅಲ್ಲಿಗೆ ಬರುತ್ತದೆ. ಹೆದ್ದಾರಿಯ ಅಪಘಾತದಲ್ಲಿ ತಲೆ ಒಡೆದುಕೊಂಡ ಹುಡುಗನನ್ನು ಮೊದಲು ತರುವುದು ಹೆದ್ದಾರಿಯ ಪಕ್ಕದ ಜಿಲ್ಲಾ ಆಸ್ಪತ್ರೆಗೇ. ಅಲ್ಲಿ ರಾತ್ರಿ ಪಾಳಿಯ ವೈದ್ಯರೊಬ್ಬರಿಗೆ ಈ ಪರೀಕ್ಷೆ ಮಾಡುವ ತರಬೇತಿ, ಸಂಯೋಜಕಿಯೊಬ್ಬರಿಗೆ ತಿಂಗಳ ಸಂಬಳ, ದೊಡ್ಡಪ್ಪನನ್ನು ಕೂರಿಸಿ ಮಾತಾಡಲು ಬಾಗಿಲಿರುವ ಒಂದು ಕೋಣೆ ಇದ್ದರೆ ಕೆಲಸ ಶುರುಮಾಡಬಹುದು. ಬಜೆಟ್ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವೂ ಬೇಡ.